ಉಸಿರಿಲ್ಲದ ಒಡಪು

ಖಂಡೆಪ್ಪನ ಜೊತೆ ಒಂದಿಷ್ಟು ಜಗಳ ಆಡದೆ ನನಗೆ ಮಧ್ಯಾಹ್ನದ ರೊಟ್ಟಿ ಗಂಟಲಿಗೆ ಇಳಿಯುತ್ತಿರಲಿಲ್ಲ. ಕಲಬುರಗಿಯ ಒಂದು ಪಾಲಿಟೆಕ್ನಿಕ್ಕಿನಲ್ಲಿ ನಾನು ಗಣಿತ ಕಲಿಸುತ್ತಿದ್ದೆ. ಲಲಿತಾಬಾಯಿ ಬಂದಳೆಂದರೆ ಹುಡುಗರು ಕಾರಿಡಾರಿನಲ್ಲಿ ದಾರಿ ಬಿಡುತ್ತಿದ್ದರು. ಅದು ಗೌರವ ಅಲ್ಲ, ನನ್ನ ಬಾಯಿಯ ಭಯ. ಖಂಡೆಪ್ಪ ಒಬ್ಬನಿಗೆ ಮಾತ್ರ ಆ ಭಯ ಇರಲಿಲ್ಲ. ಅವನು ಕಂಪ್ಯೂಟರ್ ವಿಭಾಗದ ಮೇಷ್ಟ್ರು, ನನಗಿಂತ ಎಷ್ಟೋ ಚಿಕ್ಕವನು, ಕಮಲಾಪುರದಿಂದ ದಿನಾ ಬಸ್ಸಿನಲ್ಲಿ ಓಡಾಡುವವನು. ಹಣೆಯ ಮೇಲೆ ವಿಭೂತಿ, ಅಂಗಿಯ ಜೇಬಿನಲ್ಲಿ ಪೆನ್ನಿನ ಬದಲು ಸ್ಕ್ರೂಡ್ರೈವರ್, ಚೀಲದಲ್ಲಿ ಸ್ಟಾಫ್ ರೂಮಿಗೆಂದು ತಂದ ಕಮಲಾಪುರದ ಕೆಂಪು ಬಾಳೆಹಣ್ಣು. ಮೊದಲು ಹಣ್ಣು ಕೈಗಿಟ್ಟು ಆಮೇಲೆ ಜಗಳಕ್ಕೆ ಕೂರುತ್ತಿದ್ದ.

ಜಗಳ ಯಾವಾಗಲೂ ಒಂದೇ ವಿಷಯಕ್ಕೆ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಊರೆಲ್ಲ ವಿಂಡೋಸ್ ಎಂದು ಬಣ್ಣಬಣ್ಣದ ಪರದೆಯ ಮುಂದೆ ಕೂತಿದ್ದಾಗ ಇವನೊಬ್ಬ ಲಿನಕ್ಸ್ ಎಂದು ಕಪ್ಪು ಪರದೆ, ಬಿಳಿ ಅಕ್ಷರ ಹಿಡಿದುಕೊಂಡಿದ್ದ. ಸೂಪರ್ ಮಾರ್ಕೆಟ್ ಎಂಬ ಬಜಾರಿನ ಅಂಗಡಿಯಲ್ಲಿ ಕೊಂಡ ಯಾವುದೋ ಮಾಸಪತ್ರಿಕೆಯ ಜೊತೆ ಪುಕ್ಕಟೆ ಬಂದ ಸಿ.ಡಿ.ಯಿಂದ ಅದನ್ನು ಮನೆಯ ಕಂಪ್ಯೂಟರಿಗೆ ಹಾಕಿಕೊಂಡಿದ್ದ. ಅದರಲ್ಲಿ ಏನೂ ತಾನಾಗಿ ನಡೆಯುತ್ತಿರಲಿಲ್ಲ. ದನಿ ಕೇಳಬೇಕಾದರೆ ಮೊದಲು ಪ್ರೋಗ್ರಾಮು ಬರೆಯಬೇಕು, ಬರೆದದ್ದನ್ನು ಕಂಪೈಲರ್ ಎಂಬುದು ಓದಿ ಯಂತ್ರದ ಭಾಷೆಗೆ ತಿರುಗಿಸಬೇಕು, ಅದು ತಿರುಗಿಸುವ ಬದಲು ಪುಟಗಟ್ಟಲೆ ಬೈಯಬೇಕು, ಇವನು ಆ ಬೈಗಳನ್ನು ಭಕ್ತಿಯಿಂದ ಓದಬೇಕು. ಇಷ್ಟು ಉಸಾಬರಿ ಯಾಕಪ್ಪ ನಿನಗೆ ಎಂದರೆ, ಮಷೀನಿಗೆ ಸುಳ್ಳು ಹೇಳಲಿಕ್ಕೆ ಬರುವುದಿಲ್ಲ, ತಪ್ಪಾದರೆ ಅದು ನಮ್ಮದೇ, ಹಾಗಾಗಿ ಹುಡುಕಿದರೆ ಸಿಗುತ್ತದೆ ಎಂದು ನಗುತ್ತಿದ್ದ. ಮನುಷ್ಯರ ವಿಷಯದಲ್ಲಿ ಹಾಗಿಲ್ಲವಲ್ಲ ಎಂಬುದು ಅವನ ಮಾತಿನ ಧಾಟಿ.

ಅವನು ಬರೆದ ಪ್ರೋಗ್ರಾಮುಗಳಲ್ಲಿ ಅವನಿಗೆ ಬಲು ಹೆಮ್ಮೆಯವು ಎರಡು. ಒಂದರ ಹೆಸರು ‘ಕಟ್ಟು’, ಇನ್ನೊಂದು ‘ಬಿಚ್ಚು’. ಮೈಕಿನಲ್ಲಿ ಮಾತಾಡಿದ್ದನ್ನು ‘ಕಟ್ಟು’ ಒತ್ತಿ ಸಣ್ಣ ಫೈಲು ಮಾಡಿ ಇಡುತ್ತಿತ್ತು, ‘ಬಿಚ್ಚು’ ಅದನ್ನು ಬಿಚ್ಚಿ ಕೇಳಿಸುತ್ತಿತ್ತು. ಆಗಿನ ಡಿಸ್ಕುಗಳಲ್ಲಿ ಜಾಗ ಎಲ್ಲಿತ್ತು? ಅದಕ್ಕೆ ಇವನು ಮಾತಿನ ನಡುವಿನ ಮೌನವನ್ನೆಲ್ಲ ಕಿತ್ತು ಒಗೆಯುವ ಉಪಾಯ ಮಾಡಿದ್ದ. ಒಂದು ಮಟ್ಟ ಗೊತ್ತು ಮಾಡಿದ್ದ. ದನಿ ಅದಕ್ಕಿಂತ ಕೆಳಗಿಳಿದರೆ ಅದನ್ನು ಮೌನ ಎಂದೇ ಲೆಕ್ಕ ಹಿಡಿದು ಬಿಟ್ಟುಬಿಡುವುದು. ಒಮ್ಮೆ ನನ್ನ ಮಾತನ್ನೇ ಹಿಡಿದು ಕೇಳಿಸಿದ. ನಾನು ಎಲ್ಲೂ ನಿಲ್ಲದೆ, ಉಸಿರೇ ಎಳೆದುಕೊಳ್ಳದೆ ಬೈಯುತ್ತಿದ್ದೆ. ಇದು ನಾನಲ್ಲ, ನನ್ನ ದೆವ್ವ ಎಂದೆ. ಅವನಿಗೆ ಬಲು ಖುಷಿಯಾಯಿತು.

ಇನ್ನು ಅವನ ಹೆಂಡತಿ ಸೂಗಮ್ಮ. ದುಂಡು ಮುಖ, ಸಣ್ಣ ದನಿ, ಮಾತಿಗಿಂತ ನಗು ಹೆಚ್ಚು. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹಿಡಿದು ಕರೆಯುವುದಿಲ್ಲ, ಗೊತ್ತಲ್ಲ. ಮದುವೆ, ಸೀಮಂತದಂಥ ಹೊತ್ತಿನಲ್ಲಿ ಮಾತ್ರ ಸುತ್ತ ಕೂತವರು ಬಿಡದೆ ಕಾಡಿ ಒಡಪು ಹೇಳಿಸುತ್ತಾರೆ. ಪ್ರಾಸ ಹಚ್ಚಿದ ಎರಡು ಮೂರು ಸಾಲು, ಅದರೊಳಗೆ ಎಲ್ಲೋ ಗಂಡನ ಹೆಸರು ಸೇರಿಸಿ ಹೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುವುದು. ಸೂಗಮ್ಮ ತನ್ನ ಮದುವೆಯಲ್ಲಿ ಬ್ಯಾಂಡಿನವರು ಜೋರಾಗಿ ಬಾರಿಸುತ್ತಿದ್ದ ಹೊತ್ತು ನೋಡಿಕೊಂಡೇ ಒಡಪು ಮುಗಿಸಿಬಿಟ್ಟಳಂತೆ. ಹೇಳಿದ್ದೇನೆ ಎಂದು ಅವಳು, ಕೇಳಿಲ್ಲ ಎಂದು ಇವನು. ಮದುವೆಯಾಗಿ ನಾಲ್ಕೈದು ವರ್ಷ ಕಳೆದರೂ ಅವರ ಮನೆಯ ಜಗಳ ಇದೊಂದೇ. ತನ್ನ ಹೆಸರು ಆ ಬಾಯಲ್ಲಿ ಹೇಗೆ ಕೇಳಿಸುತ್ತದೆ ಎಂದು ಒಮ್ಮೆ ಗೊತ್ತಾಗಬೇಕು ಎಂಬುದು ಇವನ ಹಟ. ಗಂಡಸರಿಗೆ ಇಂಥ ಹಟ ಬಂದರೆ ಬಿಡಿಸಲಿಕ್ಕೆ ಆಗುವುದಿಲ್ಲ.

ಕೊನೆಗೆ ಇವನೇ ಒಂದು ಉಪಾಯ ಹೂಡಿದ. ಕಮಲಾಪುರದ ಮನೆಯ ಹಿಂದಿನ ಕೋಣೆಯಲ್ಲಿ, ಬಾಳೆಯ ಹಿತ್ತಲಿಗೆ ಮುಖ ಮಾಡಿದ ಮೇಜಿನ ಮೇಲೆ ಕಂಪ್ಯೂಟರ್. ಅದಕ್ಕೆ ಮೈಕು ಹಚ್ಚಿಟ್ಟು, ಈ ಗುಂಡಿ ಒತ್ತಿದರೆ ಶುರು, ಇದನ್ನು ಒತ್ತಿದರೆ ಮುಗಿಯಿತು ಎಂದು ತೋರಿಸಿಕೊಟ್ಟು, ನೀನು ನನ್ನ ಮುಂದೆ ಹೇಳಬೇಡ, ಇದಕ್ಕೆ ಹೇಳು ಎಂದು ಕಾಲೇಜಿಗೆ ಬಂದ. ಮುಗಿಸುವ ಗುಂಡಿ ಒತ್ತಿದ ಕೂಡಲೇ ‘ಕಟ್ಟು’ ತಾನಾಗಿ ಓಡಿ, ದನಿಯನ್ನು ಒತ್ತಿಟ್ಟು, ಜಾಗ ಉಳಿಯಲೆಂದು ಮೂಲವನ್ನು ಅಳಿಸಿಹಾಕುವ ಹಾಗೆ ಮಾಡಿದ್ದ. ಸಂಜೆ ಮನೆಗೆ ಹೋದಾಗ ಸೂಗಮ್ಮ ಕೆಂಪಗಾಗಿ ನಿಂತಿದ್ದಳಂತೆ. ಅವಳು ಅಂದದ್ದನ್ನು ಅವನು ಮರುದಿನ ನನಗೆ ಅವಳದೇ ಮಾತಿನಲ್ಲಿ ಹೇಳಿದ.

“ಹೇಳೀನಿ. ಆದ್ರ ಈಗ ಕೇಳಬ್ಯಾಡ್ರಿ. ನಾ ಮನಿಯಾಗ ಇಲ್ಲದಾಗ ಕೇಳ್ರಿ.”

ಪಂಚಮಿಗೆ ಅವಳು ತವರಿಗೆ ಹೋಗುವವಳಿದ್ದಳು. ಆಗ ಕೇಳಿದರಾಯಿತು ಎಂದು ಇವನು ಮಾತಿಗೆ ಕಟ್ಟುಬಿದ್ದು ಕಾದ. ಹಬ್ಬಕ್ಕೆ ಮೊದಲೇ ಅವಳಿಗೆ ಜ್ವರ ಬಂತು, ಜ್ವರ ಮೆದುಳಿಗೆ ಏರಿತು, ವಾರ ತುಂಬುವುದರೊಳಗೆ ಅವಳು ಹೋದಳು. ಮಣ್ಣಿಗೆ ನಾನೂ ಹೋಗಿದ್ದೆ. ಖಂಡೆಪ್ಪ ಅಳಲಿಲ್ಲ. ಬಂದವರಿಗೆಲ್ಲ ಬಸ್ಸಿನ ವೇಳೆ ಹೇಳುತ್ತ ಓಡಾಡುತ್ತಿದ್ದ. ನನಗೆ ಅದನ್ನು ನೋಡಲಿಕ್ಕೆ ಆಗಲಿಲ್ಲ.

ಆಮೇಲೆ ಅವನು ಕಮಲಾಪುರದ ಮನೆಗೆ ಬೀಗ ಹಾಕಿ ಕಲಬುರಗಿಗೆ ಬಂದುಬಿಟ್ಟ. ಮೋಮಿನಪುರದ ಒಂದು ಓಣಿಯಲ್ಲಿ ಇಕ್ಬಾಲ್ ಬೇಗಂ ಎಂಬ ವಯಸ್ಸಾದ ಹೆಂಗಸಿನ ಮನೆಯ ಮೇಲಿನ ಕೋಣೆ ಬಾಡಿಗೆ ಹಿಡಿದ. ಹೆಚ್ಚುಕಡಿಮೆ ಒಂದು ವರ್ಷ ಕಂಪ್ಯೂಟರ್ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿತ್ತು. ಬಾಳೆಹಣ್ಣೂ ಬರಲಿಲ್ಲ, ಜಗಳವೂ ಇರಲಿಲ್ಲ. ಒಂದು ಬೇಸಿಗೆಯಲ್ಲಿ ಸ್ಟಾಫ್ ರೂಮಿಗೆ ಬಂದು ನನ್ನ ಮುಂದೆ ಕೂತ. ಹಳೆಯ ಡಿಸ್ಕು ಸಾಯುವ ಹಾಗೆ ಕಟಕಟ ಅನ್ನುತ್ತಿದೆ, ಇದ್ದದ್ದನ್ನೆಲ್ಲ ಹೊಸ ಡಿಸ್ಕಿಗೆ ತೆಗೆದುಕೊಂಡಿದ್ದೇನೆ, ಇನ್ನು ಅದನ್ನು ಕೇಳಬೇಕು ಅನ್ನಿಸುತ್ತದೆ, ಒಬ್ಬನೇ ಕೇಳಲಿಕ್ಕೆ ಧೈರ್ಯ ಸಾಲದು ಎಂದ. ಭಾನುವಾರ ಮಧ್ಯಾಹ್ನ ಬರುತ್ತೇನೆ ಎಂದೆ. ಹತ್ತು ನಿಮಿಷದ ಕೆಲಸ ಎಂದುಕೊಂಡಿದ್ದೆ. ಆ ಬೇಸಿಗೆಯ ಭಾನುವಾರಗಳೆಲ್ಲ ಅದಕ್ಕೇ ಹೋದವು.

ಮೊದಲ ದಿನವೇ ವಿಚಿತ್ರ. ಹೊಸ ಡಿಸ್ಕಿಗೆ ಅವನು ಹೊಸ ಸಿ.ಡಿ.ಯ ಲಿನಕ್ಸ್ ಹಾಕಿದ್ದ. ಫೈಲುಗಳ ಹೆಸರು ತೋರಿಸು ಎಂದರೆ ಪರದೆಯ ಮೇಲೆ ‘ಬಿಚ್ಚು’ ಎದುರಿಗೇ ಇದೆ. ಓಡು ಎಂದರೆ, ಅಂಥ ಫೈಲೇ ಇಲ್ಲ ಎನ್ನುತ್ತದೆ. ಮತ್ತೆ ತೋರಿಸು ಎಂದರೆ ಇದೆ. ಕರೆದರೆ ಇಲ್ಲ. ನಾನು ಕನ್ನಡಕ ಒರೆಸಿಕೊಂಡು ನೋಡಿದೆ. ಕಣ್ಣಿಗೆ ಕಾಣುವುದು ಕರೆದರೆ ಇಲ್ಲ ಅನ್ನುತ್ತದೆ ಎಂದರೆ ನನ್ನಂಥವಳಿಗೂ ಬೆನ್ನಿನ ಮೇಲೆ ತಣ್ಣಗೆ ಏನೋ ಹರಿಯಿತು. ಖಂಡೆಪ್ಪ ಬಹಳ ಹೊತ್ತು ಕೂತು ಕಾರಣ ಹಿಡಿದ. ಹಳೆಯ ಪ್ರೋಗ್ರಾಮು ಏಳಬೇಕಾದರೆ ಹಳೆಯ ಲಿನಕ್ಸಿನ ಒಂದು ಭಾಗ ಅದರ ಕೈ ಹಿಡಿದು ಎಬ್ಬಿಸಬೇಕು. ಹೊಸದರಲ್ಲಿ ಆ ಭಾಗವೇ ಇಲ್ಲ. ಇಲ್ಲದಿರುವುದು ಅದು, ‘ಬಿಚ್ಚು’ ಅಲ್ಲ. ತಾನು ಬರೆದ ಮೂಲ ಸಾಲುಗಳು ಹಾಗೇ ಇವೆ, ಹೊಸ ಕಂಪೈಲರಿಗೆ ಕೊಟ್ಟು ಮತ್ತೆ ಹುಟ್ಟಿಸಿಕೊಂಡರಾಯಿತು ಎಂದ.

ಹುಟ್ಟಿಸುವುದು ಸುಲಭ ಇರಲಿಲ್ಲ. ಕಂಪೈಲರ್ ಒಂದಷ್ಟು ಸಾಲು ಓದುವುದು, ಇದ್ದಕ್ಕಿದ್ದ ಹಾಗೆ ‘ಸಿಗ್ನಲ್ ಹನ್ನೊಂದು’ ಎಂದು ಬರೆದು ಸಾಯುವುದು. ಮತ್ತೆ ಓಡಿಸಿದರೆ ಇನ್ನೊಂದು ಸಾಲಿನಲ್ಲಿ. ಮತ್ತೊಮ್ಮೆ ಮಾಡಿದರೆ ಏನೂ ಬರೆಯದ ಖಾಲಿ ಸಾಲಿನಲ್ಲಿ. ಬರೆದವನ ತಪ್ಪಾದರೆ ಪ್ರತಿ ಸಲ ಅದೇ ಜಾಗದಲ್ಲಿ ಎಡವಬೇಕು ಎಂದು ಅವನೇ ನನಗೆ ಹೇಳಿಕೊಟ್ಟಿದ್ದ. ಸಲಸಲಕ್ಕೂ ಬೇರೆ ಕಡೆ ಎಡವುತ್ತಿದೆ ಎಂದರೆ ದಾರಿಯಲ್ಲಿ ಯಾರೋ ಅಡ್ಡಗಾಲು ಹಾಕುತ್ತಿದ್ದಾರೆ ಎಂದ ಹಾಗಾಯಿತು. ಹೊರಗೆ ಓಣಿಯಲ್ಲಿ ಬಿಸಿಲಿಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಖಂಡೆಪ್ಪ ಕಂಪ್ಯೂಟರಿನ ಡಬ್ಬಿಯ ಮುಚ್ಚಳ ಬಿಚ್ಚಿ, ನೆನಪು ಹಿಡಿಯುವ ಪಟ್ಟಿಗಳಲ್ಲಿ ಒಂದನ್ನು ಕಿತ್ತು, ಇನ್ನೊಂದರ ಹಲ್ಲುಗಳನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕಿ ಕೂರಿಸಿದ. ಕಿತ್ತ ಪಟ್ಟಿ ಬಿಸಿಗೆ ಕೆಟ್ಟಿತ್ತು. ಅದರಲ್ಲಿ ಇಟ್ಟದ್ದು ಇಟ್ಟ ಹಾಗೆ ಇರುತ್ತಿರಲಿಲ್ಲವಂತೆ. ಆಮೇಲೆ ಕಂಪೈಲರ್ ಕೊನೆಯ ಸಾಲಿನ ತನಕ ಹೋಯಿತು. ನನಗೆ ಎಷ್ಟು ಸಮಾಧಾನವಾಯಿತೆಂದರೆ ಬೇಗಮ್ಮನ ಮನೆಯ ಚಹಾ ಎರಡು ಸಲ ಕುಡಿದೆ.

ಆ ಸಮಾಧಾನ ಮುಂದಿನ ಭಾನುವಾರದ ತನಕ. ಅಂದು ಹೊಸ ‘ಬಿಚ್ಚು’ ಓಡಿಸಿದೆವು. ಮೊದಲು ಪರೀಕ್ಷೆಗೆಂದು ಅವನದೇ ಒಂದು ಹಳೆಯ ಫೈಲು: “ನಾ ಖಂಡೆಪ್ಪ, ಒಂದು, ಎರಡು, ಮೂರು” ಎಂದು ಹೇಳಿಟ್ಟದ್ದು. ಅದರ ಬೆನ್ನಿಗೇ ಸೂಗಮ್ಮನದು. ಅವನದು ಸರಿಯಾಗಿ ಬಂತು. ಅವಳದು ಬಂದದ್ದು ಹೆಣ್ಣಿನ ದನಿ ಅಲ್ಲ, ಗಂಡಿನದೂ ಅಲ್ಲ. ಬಾವಿಯ ತಳದಲ್ಲಿ ಯಾರೋ ಕೊಡ ಎಳೆದಾಡಿದ ಸಪ್ಪಳ. ಇನ್ನೊಮ್ಮೆ ಓಡಿಸಿದರೆ ಕೂಸಿನ ಅಳು. ಮತ್ತೊಮ್ಮೆ ತೆಳ್ಳಗಿನ ನಗು, ಅದರ ಕೊನೆಗೆ, ನಾನು ಸುಳ್ಳು ಹೇಳುವುದಿಲ್ಲ, ಸ್ಪಷ್ಟವಾಗಿ ‘ಖಂಡೆಪ್ಪ’. ಅವನು ನನ್ನ ಮುಖ ನೋಡಿದ, ನಾನು ಅವನದು ನೋಡಿದೆ. ಅದೇ ಫೈಲು, ಅದೇ ಪ್ರೋಗ್ರಾಮು, ಮತ್ತೆ ಓಡಿಸಿದರೆ ಆ ಹೆಸರು ಇಲ್ಲ.

ಆ ವಾರ ಅವನು ಸಂಜೆಯೆಲ್ಲ ಅದನ್ನೇ ಓಡಿಸುತ್ತಿದ್ದನೆಂದು ಕಾಣುತ್ತದೆ. ಭಾನುವಾರ ನಾನು ಮೆಟ್ಟಿಲು ಹತ್ತುವ ಮೊದಲೇ ಇಕ್ಬಾಲ್ ಬೇಗಂ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿದಳು. ಕೆಳಗೆ ಕಾಟ ಹೋಗಲೆಂದು ಲೋಬಾನದ ಹೊಗೆ ಹಾಕಿದ್ದಳು. ಬಾಡಿಗೆಯವನ ಮೇಲೆ ಅವಳಿಗೆ ಸಿಟ್ಟಿರಲಿಲ್ಲ, ಮರುಕವೇ ಇತ್ತು. ಸೆರಗು ತಲೆಯ ಮೇಲೆ ಎಳೆದುಕೊಂಡು ಕೇಳಿದಳು:

“ಮ್ಯಾಲ ಯಾವಾಕಿರೀ ಅಕಿ? ಮಾತಾಡ್ತಾಳ, ಮಾತಾಡ್ತಾಳ, ಸಾಂಸ್ ನೈ ಲೇತೀ. ಉಸರೇ ತಗೊಳಂಗಿಲ್ಲ.”

ನಾನು ಮೆಟ್ಟಿಲು ಹತ್ತಿ ಮೇಲೆ ಹೋದೆ. ಖಂಡೆಪ್ಪನ ಕಣ್ಣು ಒಳಗೆ ಹೋಗಿದ್ದವು. ದನಿ ಒಂದಿಷ್ಟು ಸಿಕ್ಕಿದೆ ಎಂದ. ತಪ್ಪು ಎಲ್ಲಿ ಎಂದು ನೋಡಲಿಕ್ಕೆ ಪ್ರೋಗ್ರಾಮಿನ ನಡುವೆ ಒಂದು ಸಾಲು ಸೇರಿಸಿದ್ದನಂತೆ. ಲೆಕ್ಕ ಎಲ್ಲಿಯ ತನಕ ಬಂತು ಎಂದು ಪರದೆಯ ಮೇಲೆ ಬರೆದು ತೋರಿಸುವ ಸಾಲು, ಅಷ್ಟೇ. ಅದು ಇದ್ದರೆ ಸೂಗಮ್ಮ ಸರಿಯಾಗಿ ಮಾತಾಡುತ್ತಾಳೆ. ತೆಗೆದರೆ ಮತ್ತೆ ಬಾವಿ, ಕೂಸು, ನಗು. ನೋಡುತ್ತಿದ್ದರೆ ಸುಮ್ಮನೆ ಇರುತ್ತದೆ, ಬೆನ್ನು ತಿರುಗಿಸಿದರೆ ಕಾಟ ಶುರು. ಎಷ್ಟೋ ಸಲ ಹಾಕಿದೆ, ಪ್ರತಿ ಸಲವೂ ಮೊದಲ ಸಾಲಿನಷ್ಟು ಕೇಳಿ ನಿಲ್ಲಿಸಿಬಿಟ್ಟೆ ಎಂದ.

ನನಗೆ ರೇಗಿತು. ಸರಿಯಾಗಿ ಬರುತ್ತಿದೆಯಲ್ಲ, ಆ ಸಾಲು ಅಲ್ಲೇ ಇರಲಿ, ಪೂರ್ತಿ ಕೇಳು, ಕೈ ತೊಳೆದುಕೋ, ನನಗೆ ವಯಸ್ಸಾಗಿದೆ, ಇಂಥವು ತಡೆಯುವುದಿಲ್ಲ ಎಂದು ಬೈದೆ. ಅವನು ತಲೆ ತಗ್ಗಿಸಿಕೊಂಡೇ ಉತ್ತರ ಕೊಟ್ಟ.

“ತಪ್ಪು ಎಲ್ಲಿ ಅದ ಗೊತ್ತಿಲ್ಲದ ಕೇಳಿದ್ರ, ಅದು ನಮ್ಮಾಕಿ ಹೇಳಿದ್ದೋ ಮಷೀನು ಹೇಳಿದ್ದೋ ಹ್ಯಾಂಗ ಗೊತ್ತಾಗಬೇಕು ಅಕ್ಕಾರ? ಅವತ್ತ ನನ್ನ ಹೆಸರು ಕೇಳ್ತಲ್ಲ, ಅದು ಯಾರು ಹೇಳಿದ್ದು?”

ಗಣಿತ ಕಲಿಸಿದವಳು, ಅವನ ಮಾತು ನ್ಯಾಯ ಎಂದು ಗೊತ್ತಾಯಿತು. ಕುರ್ಚಿ ಎಳೆದುಕೊಂಡು ಕೂತೆ. ಅವನು ಒಂದೊಂದು ಸಾಲು ಓದಿ ಅರ್ಥ ಹೇಳುತ್ತ ಹೋಗಬೇಕು, ಎಲ್ಲಿ ನನಗೆ ತಿಳಿಯುವುದಿಲ್ಲವೋ ಅಲ್ಲಿ ತಡೆಯಬೇಕು ಎಂದು ಗೊತ್ತು ಮಾಡಿಕೊಂಡೆವು. ಹಾಗೆ ಎರಡು ಭಾನುವಾರ ಕಳೆದವು. ಕರೆಂಟು ಹೋದಾಗ ಬೀಸಣಿಕೆ ಹಿಡಿದು ಕಾಗದದ ಮೇಲೆ ಓದಿದೆವು. ಈ ಲೆಕ್ಕಕ್ಕೆ ಹಿಂದಿನ ದನಿಯ ಮಟ್ಟ ಬೇಕಲ್ಲ, ಮೊಟ್ಟಮೊದಲು ಶುರುವಾಗುವಾಗ ಹಿಂದಿನದು ಅಂತ ಏನು ಹಿಡಿಯುತ್ತದೆ ಎಂದು ನಾನು ಒಂದು ಕಡೆ ಕೇಳಿದೆ. ಸೊನ್ನೆ ಎಂದ. ಎಲ್ಲಿ ಬರೆದಿದ್ದೀ ತೋರಿಸು ಎಂದೆ. ಹುಡುಕಿದ. ಬರೆದಿರಲಿಲ್ಲ.

ಇಷ್ಟೇ. ಹಳೆಯ ಲಿನಕ್ಸಿನಲ್ಲಿ ಆ ಜಾಗ ಅದೃಷ್ಟಕ್ಕೆ ಸೊನ್ನೆಯೇ ಆಗಿರುತ್ತಿತ್ತು, ಹೊಸದರಲ್ಲಿ ಹಾಗಿರಲಿಲ್ಲ. ಬಾಡಿಗೆ ಮನೆಗೆ ಹೋಗುವಾಗ ಕಸ ಗುಡಿಸದೆ ಒಳಗೆ ಹೋದರೆ ಮೊದಲಿದ್ದವರು ಬಿಟ್ಟದ್ದೇ ಕಾಲಿಗೆ ಸಿಗುತ್ತದಲ್ಲ, ಹಾಗೆ ‘ಬಿಚ್ಚು’ ಹಿಂದೆ ಆ ಜಾಗದಲ್ಲಿ ಬಿದ್ದಿದ್ದನ್ನೇ ಹಿಡಿದು ಸೂಗಮ್ಮನ ಮಾತಿಗೆ ಬೆರೆಸುತ್ತಿತ್ತು. ನೋಡುವ ಸಾಲು ಸೇರಿಸಿದರೆ ಸಾಮಾನು ಆಚೀಚೆ ಸರಿದು ಆ ಮೂಲೆ ತಾನಾಗಿ ಖಾಲಿಯಾಗುತ್ತಿತ್ತು. ಅಂದು ಕೇಳಿಸಿದ ‘ಖಂಡೆಪ್ಪ’ ಅವನು ಪರೀಕ್ಷೆಗೆ ಹೇಳಿಟ್ಟದ್ದೇ. ಹಿಂದಿನ ಫೈಲಿನ ಚೂರು. ಅವನಿಗೆ ಅದು ತಿಳಿದಾಗ ಮುಖ ಬಾಡಿದ್ದು ಕಂಡೆ. ಆಸೆ ಇಟ್ಟುಕೊಂಡಿದ್ದ, ಪಾಪ. ಒಂದು ಸೊನ್ನೆ ಬರೆದ. ಕಂಪೈಲರ್ ಒಂದು ಮಾತೂ ಬೈಯಲಿಲ್ಲ.

ಕಿಟಕಿ ಮುಚ್ಚಿ ಕೂತು ಪೂರ್ತಿ ಕೇಳಿದೆವು. ಸೂಗಮ್ಮನ ದನಿಯೇ. ಹೋದ ವರ್ಷ ಮಣ್ಣಿಗಿಟ್ಟು ಬಂದವಳು ಪಕ್ಕದಲ್ಲಿ ಕೂತು ಹೇಳಿದ ಹಾಗೆ, ಆದರೆ ಒಂದು ಉಸಿರೂ ಇಲ್ಲದೆ, ಸಾಲಿಗೆ ಸಾಲು ಅಂಟಿಕೊಂಡು:

“ಕೆಂಪು ಬಾಳಿ ಗೊನಿ ಬಾಗ್ಯದ ಹಿತ್ತಲದಾಗ, ಕಿವಿ ಇಲ್ಲದ ಡಬ್ಬಿ ಕುಂತದ ಮೇಜಿನ ಮ್ಯಾಗ, ಹೆಸರು ಹೇಳೀನಿ ಯಾರೂ ಇಲ್ಲದಾಗ.”

ಮುಗಿಯಿತು. ಅಷ್ಟೇ ಇತ್ತು. ಖಂಡೆಪ್ಪ ಇನ್ನೊಮ್ಮೆ ಹಾಕಿದ, ಮತ್ತೊಮ್ಮೆ ಹಾಕಿದ. ಪ್ರತಿ ಸಲವೂ ಅದೇ ಬಂತು, ಒಂದು ಕೂದಲಿನಷ್ಟೂ ಬದಲಾಗದೆ. ಇಷ್ಟು ದಿನ ಬದಲಾಗುತ್ತದೆ ಎಂದು ಹೆದರಿದವರು ಈಗ ಬದಲಾಗುವುದಿಲ್ಲವಲ್ಲ ಎಂದು ಕೂತೆವು. ಹೇಳೀನಿ ಎಂದಿದ್ದಾಳೆ, ಹೇಳಿಲ್ಲ, ಡಬ್ಬಿಯ ಮುಂದೆಯೂ ಹೇಳಲಿಲ್ಲ ಎಂದು ಅವನು ನಕ್ಕ. ಆ ನಗುವನ್ನು ನೋಡಿ ನನಗೆ ಅಳು ಬಂತು.

ಆದರೆ ನನ್ನ ಕಿವಿಗೆ ಕೊನೆಯ ಸಾಲು ಮೋಟಾಗಿ ಕೇಳಿತ್ತು. ನಾನೂ ಒಡಪು ಹೇಳಿದವಳೇ, ಹೇಳಿಸಿದವಳೇ. ಮೊದಲೆರಡು ಸಾಲಿನ ಉದ್ದಕ್ಕೆ ಮೂರನೆಯದು ಕೂರುತ್ತಿಲ್ಲ. ‘ಹೆಸರು’ ಎಂಬುದಕ್ಕೆ ಮುಂಚೆ ಒಂದು ಮಾತಿನಷ್ಟು ಜಾಗ ಇರಬೇಕು. ಅಲ್ಲಿ ಜಾಗವೇ ಇಲ್ಲದ ಹಾಗೆ ‘ಮ್ಯಾಗ’, ‘ಹೆಸರು’ ಎರಡೂ ಒಂದಕ್ಕೊಂದು ತಾಗಿಕೊಂಡಿವೆ. ನನಗೆ ಹೊಳೆದದ್ದನ್ನು ತಡೆಯದೆ ಹೇಳಿದೆ.

“ಖಂಡೆಪ್ಪ, ಯಾವ ಹೆಣಮಗಳು ಗಂಡನ ಹೆಸರು ಗಟ್ಟಿಯಾಗಿ ಹೇಳ್ತಾಳೋ? ನಾ ಹೇಳಿದಾಗ ನನಗs ಕೇಳಿರಲಿಲ್ಲ. ಅಕಿ ತುಟಿಯೊಳಗ ಅಂದಿರ್ತಾಳ.”

ಅವನು ನನ್ನ ಕಡೆ ತಿರುಗಲಿಲ್ಲ. ‘ಕಟ್ಟು’ ತೆರೆದು, ದನಿ ಎಷ್ಟು ಇಳಿದರೆ ಮೌನ ಎಂದು ತಾನೇ ಗೊತ್ತು ಮಾಡಿದ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೂತ. ಪಿಸುಮಾತು ಆ ಗೆರೆಯ ಕೆಳಗೇ ಬೀಳುತ್ತದೆ. ಅವಳು ಹೇಳಿದ್ದಳು. ಅವನು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಾಗ ಅವನ ಪ್ರೋಗ್ರಾಮು ಅದನ್ನು ಮೌನ ಎಂದು ಕಿತ್ತು ಒಗೆದು, ಎರಡೂ ತುದಿ ಸೇರಿಸಿ, ಮೂಲ ಅಳಿಸಿಹಾಕಿತ್ತು. ಇಷ್ಟು ಭಾನುವಾರ ಹುಡುಕಿ ತಿದ್ದಿದ ತಪ್ಪಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಇದರಲ್ಲಿ ಯಾವ ಸಾಲೂ ಕೆಟ್ಟಿರಲಿಲ್ಲ, ಬರೆದ ಹಾಗೇ ನಡೆದಿತ್ತು. ಆ ಸಾಲಿನಿಂದ ಬೆರಳು ತೆಗೆಯದೆ ಒಂದೇ ಮಾತು ಅಂದ.

“ಅಂದಾಳ, ಹಂಗಾದ್ರ.”

ಕೆಳಗೆ ಬೇಗಂ ಚಹಾ ಮಾಡಿಟ್ಟು ಕರೆಯುತ್ತಿದ್ದಳು. ಅಂದು ಯಾರೂ ಕುಡಿಯಲಿಲ್ಲ.

ಮಳೆಗಾಲ ಹಿಡಿಯುವ ಮುಂಚೆ ಒಂದು ಭಾನುವಾರ ಅವನು ಕಂಪ್ಯೂಟರನ್ನು ಕಮಲಾಪುರಕ್ಕೆ ಒಯ್ಯುತ್ತೇನೆ ಎಂದ. ‘ಕಟ್ಟು’ವಿನ ಗೆರೆ ತೆಗೆದುಹಾಕಿದ್ದ, ಈಗ ಅದು ಏನನ್ನೂ ಬಿಡುವುದಿಲ್ಲವಂತೆ. ಅದೇ ಕೋಣೆಯ ಮೌನವನ್ನು ಅದರಲ್ಲಿ ಹಿಡಿದು, ಆಗ ಎಷ್ಟು ಒಗೆದಿದ್ದೆ ಎಂದು ನೋಡಬೇಕು ಎಂದ. ಇವನೊಬ್ಬನನ್ನೇ ಬಿಡಲಿಕ್ಕೆ ನನಗೆ ಮನಸ್ಸಾಗಲಿಲ್ಲ. ಬಸ್ಸಿನಲ್ಲಿ ಅವನ ತೊಡೆಯ ಮೇಲೆ ಡಬ್ಬಿ, ನನ್ನ ತೊಡೆಯ ಮೇಲೆ ಮಾನಿಟರು. ಕಂಡಕ್ಟರ್ ಇದಕ್ಕೂ ಟಿಕೆಟ್ ಬೇಕೇನೋ ಎಂದು ನಮ್ಮನ್ನೇ ಕೇಳಿದ.

ಬೀಗ ತೆಗೆದಾಗ ಮನೆ ಒಳಗೆ ತಣ್ಣಗಿತ್ತು, ಮುಚ್ಚಿಟ್ಟ ಮನೆಯ ವಾಸನೆ. ಹಿಂದಿನ ಕೋಣೆಯ ಮೇಜಿನ ಮೇಲೆ ಧೂಳಿನಲ್ಲಿ ಕಂಪ್ಯೂಟರ್ ಇದ್ದ ಜಾಗದ ಗುರುತು ಇನ್ನೂ ತೆಳ್ಳಗೆ ಕಾಣುತ್ತಿತ್ತು. ಅಲ್ಲೇ ಇಟ್ಟ. ಮೈಕು ಹಚ್ಚಿ, ಗುಂಡಿ ಒತ್ತಿ, ನನಗೆ ಸುಮ್ಮನಿರಲು ಸನ್ನೆ ಮಾಡಿದ. ಅವನು ಮೇಜಿನ ಮುಂದೆ, ನಾನು ಬಾಗಿಲ ಹತ್ತಿರ. ಒಣಗಿದ ಬಾಳೆಯ ಎಲೆ ಗೋಡೆಗೆ ಉಜ್ಜುತ್ತಿತ್ತು. ಖಾಲಿ ಕೋಣೆಯ ಎದುರು ಇಬ್ಬರು ದೊಡ್ಡವರು ಸದ್ದು ಮಾಡದೆ ಕೂತಿದ್ದೆವು. ಅವನ ಬೆನ್ನು ಅಲುಗಲಿಲ್ಲ, ನಾನು ಅವನ ಕಡೆಯೇ ನೋಡುತ್ತಿದ್ದೆ. ಆಮೇಲೆ ಗುಂಡಿ ಒತ್ತಿ ನಿಲ್ಲಿಸಿದ.

ದನಿ ದೊಡ್ಡದು ಮಾಡಿ ಕೇಳಿಸಿದ. ನಾವು ಮೌನ ಎಂದು ಕೂತದ್ದರಲ್ಲಿ ಎಷ್ಟೊಂದು ಇತ್ತು. ಡಬ್ಬಿಯ ಫ್ಯಾನು, ಬಾಳೆ ಎಲೆ, ಹುಮನಾಬಾದ್ ರಸ್ತೆಯಲ್ಲಿ ಹೋದ ಲಾರಿ, ಯಾರದೋ ಮನೆಯ ಕೊಡ, ಅವನ ಉಸಿರು, ದೂರದಲ್ಲಿ ನನ್ನದು. ಒಬ್ಬರ ಉಸಿರಿನ ಸಪ್ಪಳ ಇಷ್ಟು ಹತ್ತಿರದಿಂದ ಕೇಳಿ ನನಗೆ ನಾಚಿಕೆಯಾಯಿತು. ಆಮೇಲೆ ಆ ಉಸಿರಿನ ಒಳಗಿನಿಂದಲೇ, ಬಹಳ ಮೆಲ್ಲಗೆ, ಒಂದು ಮಾತು ಬಂತು. ಸೂಗಮ್ಮ.

ಖಂಡೆಪ್ಪ ಹಿಂದೆ ಹಾಕಿ ಮತ್ತೆ ಕೇಳಿಸಿದ. ಇತ್ತು. ಮತ್ತೆ ಕೇಳಿದರೂ ಇತ್ತು. ಇದು ಕಸ ಗುಡಿಸದ ಮೂಲೆಯಿಂದ ಬಂದದ್ದಲ್ಲ, ಆ ತಪ್ಪು ನಾವೇ ತಿದ್ದಿದ್ದೆವು. ಅವನ ಮುಖ ಬಿಳಿಚಿಕೊಂಡಿತ್ತು.

“ಯಾರ ದನಿರೀ ಅಕ್ಕಾರ ಇದು?”

“ನಿಂದೇ ಅದನೋ,” ಎಂದೆ.

“ನಾ ತುಟಿ ಬಿಚ್ಚಿಲ್ಲ. ನಮ್ಮಾಕಿ ಹೆಸರು ಹಿಡಿದು ನಾ ಒಮ್ಮಿನೂ ಕರದಿಲ್ರೀ. ಅಕಿ ಇದ್ದಾಗನೂ ಇಲ್ಲ.”

ಹೌದು, ನಾನೂ ಕೇಳಿರಲಿಲ್ಲ. ಇಷ್ಟು ವರ್ಷದ ಮಾತಿನಲ್ಲಿ ಅವಳು ‘ನಮ್ಮಾಕಿ’, ‘ಮನಿಯಾಗಿನವರು’. ಎದುರಿಗೆ ಇದ್ದಾಗ ‘ಕೇಳಿಲ್ಲೇನು’. ಅವಳು ಹೇಳಲಿಲ್ಲವೆಂದು ಊರಿಗೆಲ್ಲ ಸಾರಿದವನು ತಾನೂ ಹೇಳಿರಲಿಲ್ಲ. ಅದು ಅವನಿಗೂ ಆಗಲೇ ಗೊತ್ತಾದದ್ದು ಎಂದು ಅವನ ಮುಖ ನೋಡಿದರೆ ತಿಳಿಯುತ್ತಿತ್ತು. ತುಟಿ ಅಲುಗಿತೋ ಇಲ್ಲವೋ, ಬಾಗಿಲ ಹತ್ತಿರ ಇದ್ದ ನನಗೆ ಕಂಡದ್ದು ಬೆನ್ನು ಮಾತ್ರ, ಆಣೆ ಮಾಡಿ ಹೇಳಲಾರೆ. ದನಿ ಅವನದೇ ಎಂದು ನಾನು ಇವತ್ತಿಗೂ ನಂಬಿದ್ದೇನೆ. ಅವನು ನಂಬಿದನೋ ಇಲ್ಲವೋ ಕೇಳಲಿಲ್ಲ.

ಹೊತ್ತು ಇಳಿಯುತ್ತಿತ್ತು. ಕೊನೆಯ ಬಸ್ಸಿನ ಯೋಚನೆ ನನಗೆ. ಖಂಡೆಪ್ಪ ಮೈಕನ್ನು ಸರಿಪಡಿಸಿ ತನ್ನ ಬಾಯಿಗೆ ಹತ್ತಿರ ಎಳೆದುಕೊಂಡ. ಶುರು ಮಾಡುವ ಗುಂಡಿಯ ಮೇಲೆ ಬೆರಳಿಟ್ಟು, ನನ್ನ ಕಡೆ ನೋಡದೆ, ಸಣ್ಣ ದನಿಯಲ್ಲಿ ಹೇಳಿದ.

“ನೀವು ತುಸು ಹೊರಗ ಕುಂದರ್ರಿ, ಅಕ್ಕಾರ.”

ನಾನು ಹಿತ್ತಲಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡೆ.